ಡೊಂಕು ತೆಗೆಯುವ ವಿದ್ಯೆ

ಮಳೆ ನಿಂತ ಮೇಲೆ ಹಸಿಯಾದ ಮಣ್ಣಿನ ದಾರಿಯಲ್ಲಿ ಜೀಪೊಂದು ನೇರವಾಗಿ ಹಾದುಹೋದರೆ ಅದರ ಹಿಂದೆ ಎರಡು ಗೆರೆಗಳು ಉಳಿಯುತ್ತವೆ. ಚಕ್ರಗಳು ನಾಲ್ಕಾದರೂ ಹಿಂದಿನವು ಮುಂದಿನವುಗಳ ಜಾಡಿನಲ್ಲಿಯೇ ಉರುಳುವುದರಿಂದ ಗೆರೆಗಳು ಎರಡೇ. ಆದರೆ ಕೆಲವು ಗಾಡಿಗಳ ಹಿಂದೆ ಆ ಗೆರೆಗಳು ಒಡೆದು ನಾಲ್ಕಾಗಿ ಕಾಣಿಸುವುದುಂಟು. ಅಂತಹ ಗಾಡಿಯನ್ನು ಹಿಂದಿನಿಂದ ನೋಡಿದರೆ ಅದು ಹೋಗುತ್ತಿರುವ ದಿಕ್ಕು ಒಂದು, ಅದರ ಮುಖವಿರುವ ದಿಕ್ಕು ಇನ್ನೊಂದು ಎನ್ನಿಸುತ್ತದೆ. ಏಡಿಯಂತೆ ಓರೆಯಾಗಿ ನಡೆಯುತ್ತಿರುತ್ತದೆ. ಎಂದೋ ಎಲ್ಲಿಯೋ ಅದು ಡಿಕ್ಕಿ ಹೊಡೆದಿದೆ, ಮೈಗೆ ಹೊಸ ಬಣ್ಣ ಬಂದಿದೆ, ಮೂಳೆ ಮಾತ್ರ ಡೊಂಕಾಗಿಯೇ ಉಳಿದಿದೆ ಎಂದು ಬಲ್ಲವರು ತಿಳಿದುಕೊಳ್ಳುತ್ತಾರೆ.

ಈ ಮೂಳೆಗೆ ನಮ್ಮ ಗ್ಯಾರೇಜುಗಳಲ್ಲಿ ಚಾಸಿ ಎಂದು ಹೆಸರು. ಮಾತು ಫ್ರೆಂಚರದು, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಪಳಗಿ ಅದು ಕನ್ನಡದ್ದೇ ಆಗಿಹೋಗಿದೆ. ಡಿಕ್ಕಿಯಲ್ಲಿ ಬಗ್ಗಿದ ಚಾಸಿಯನ್ನು ನೇರ ಮಾಡುವುದನ್ನು ಜನ ಹೇಗೆ ಕಲಿತರು, ಕಲಿತದ್ದನ್ನು ಮುಂದೆ ಏಕೆ ಬಹುಮಟ್ಟಿಗೆ ಮರೆಯಬೇಕಾಯಿತು ಎಂಬುದು ನನ್ನ ಇಂದಿನ ವಿಷಯ. ನಾನು ಸುತ್ತಿಗೆ ಹಿಡಿದವನಲ್ಲ. ವಿಮಾ ಸಂಸ್ಥೆಗಳ ಪರವಾಗಿ ಅಪಘಾತಕ್ಕೀಡಾದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆಯುವ ಸರ್ವೇಯರನಾಗಿ ಅನೇಕ ವರ್ಷ ಕಳೆದವನು. ಆದುದರಿಂದ ಈ ವಿದ್ಯೆಯ ಗುಣವನ್ನೂ ಅದರ ಮೋಸವನ್ನೂ ಹತ್ತಿರದಿಂದ ನೋಡಿದ್ದೇನೆ. ಮೋಸಕ್ಕೆ ಒಮ್ಮೆ ನನ್ನ ಸಹಿಯನ್ನೂ ಕೊಟ್ಟಿದ್ದೇನೆ. ಆ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಎತ್ತಿನ ಗಾಡಿಗೆ ಈ ತೊಂದರೆ ಇರಲಿಲ್ಲ. ಗಾಡಿ ಹಳ್ಳಕ್ಕೆ ಬಿದ್ದರೆ ಮೂಕಿಮರ ಮುರಿಯುತ್ತಿತ್ತು, ಇಲ್ಲವೆ ಅಚ್ಚು ಮುರಿಯುತ್ತಿತ್ತು. ಬಡಗಿ ಬೇರೆ ಮರ ಕೆತ್ತಿ ಕೂಡಿಸುತ್ತಿದ್ದ. ಒಣಗಿದ ಮರಕ್ಕೆ ಬಗ್ಗಿ ನಿಲ್ಲುವ ಅಭ್ಯಾಸವಿಲ್ಲ. ಮುರಿದದ್ದು ಎಲ್ಲರಿಗೂ ಕಾಣುತ್ತದೆ; ಅದರಲ್ಲಿ ಸುಳ್ಳಿಗೆ ಎಡೆಯಿಲ್ಲ. ಯೂರೋಪಿನ ಮೊದಲ ಮೋಟಾರು ಗಾಡಿಗಳು ಕುದುರೆಸಾರೋಟಿನ ವಂಶದವು. ಅವುಗಳಲ್ಲಿ ಹಲವಕ್ಕೆ ಮರದ ತೊಲೆಗಳೇ ಆಧಾರ. ತೊಲೆಯ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಜೋಡಿಸಿ ಬಿಗಿಯುತ್ತಿದ್ದರು. 1901ರಲ್ಲಿ ಜರ್ಮನಿಯ ದೈಮ್ಲರ್ ಕಾರ್ಖಾನೆಯಿಂದ ಹೊರಬಂದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ವಿಲ್‌ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರು ಅಚ್ಚೊತ್ತಿದ ಉಕ್ಕಿನ ಚಾಸಿಯನ್ನು ಬಳಸಿದ. ಉಕ್ಕಿನ ತಗಡನ್ನು ಮೂರು ಮಗ್ಗುಲ ದೋಣಿಯಾಗಿ ಮಡಿಸಿ, ಅಂತಹ ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಏಣಿಯಂತೆ ಜೋಡಿಸುವ ಪದ್ಧತಿ ಬೇಗನೆ ಎಲ್ಲೆಡೆ ಹರಡಿತು. ಇಂದಿಗೂ ಲಾರಿಯ ಕೆಳಗೆ ಬಗ್ಗಿ ನೋಡಿದರೆ ಕಾಣುವುದು ಆ ಏಣಿಯೇ.

ಉಕ್ಕಿನ ಜೊತೆಗೆ ಬಗ್ಗುವ ಗುಣ ಬಂದಿತು. ಬಗ್ಗಿದ್ದನ್ನು ತಿದ್ದಬಹುದೆಂಬ ಆಸೆಯೂ ಬಂದಿತು. ಮೊದಮೊದಲು ಈ ಕೆಲಸ ಕಮ್ಮಾರನ ಪಾಲಿಗೇ ಹೋದದ್ದು ಸಹಜ. ಗಾಡಿಯ ಒಂದು ತುದಿಯನ್ನು ಮರಕ್ಕೆ ಕಟ್ಟುವುದು, ಇನ್ನೊಂದು ತುದಿಗೆ ಸರಪಳಿ ಹಾಕಿ ಎಳೆಯುವುದು, ಬಗ್ಗಿದ ಜಾಗಕ್ಕೆ ಬೆಂಕಿ ಕೊಟ್ಟು ಸಮ್ಮಟಿಗೆಯಿಂದ ಹೊಡೆಯುವುದು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುವುದು. ಅಮೆರಿಕದಲ್ಲಾಗಲಿ ನಮ್ಮಲ್ಲಾಗಲಿ ಆರಂಭ ಹೀಗೆಯೇ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದ ಲಾರಿ ಜೀಪುಗಳು ಹರಾಜಿಗೆ ಬಂದಾಗ ನಮ್ಮ ದೇಶದಲ್ಲಿ ಈ ವಿದ್ಯೆಗೆ ಒಂದು ದೊಡ್ಡ ಪಾಠಶಾಲೆಯೇ ತೆರೆದಂತಾಯಿತು. ಹೊಸ ಬಿಡಿಭಾಗ ಸಿಕ್ಕದ ಕಾಲ. ಇದ್ದದ್ದನ್ನೇ ನೇರ ಮಾಡಬೇಕು. ಮೈಮೇಲಿನ ತಗಡು ತಟ್ಟುವವನು ಟಿಂಕರ್; ಚಾಸಿ ಎಳೆಯುವವನು ಮೇಸ್ತ್ರಿ. ಈ ಎರಡು ಜಾಣತನಗಳು ಒಬ್ಬನಲ್ಲೇ ಇರುವುದು ಅಪರೂಪ.

ಡೊಂಕು ತೆಗೆಯುವುದೆಂದರೆ ಬಗ್ಗಿದ್ದನ್ನು ಅಷ್ಟೇ ಹಿಂದಕ್ಕೆ ಬಗ್ಗಿಸುವುದು ಎಂದು ನಾವು ತಿಳಿಯುತ್ತೇವೆ. ಕೇಳುಗರು ಮನೆಯಲ್ಲಿ ಒಂದು ಕಬ್ಬಿಣದ ತಂತಿಯ ತುಂಡನ್ನು ತೆಗೆದುಕೊಂಡು ನಡುವೆ ಬಗ್ಗಿಸಿ, ಮತ್ತೆ ಕೈಯಿಂದ ನೇರ ಮಾಡಲು ನೋಡಿರಿ. ಬಗ್ಗಿದ ಜಾಗ ಬಗ್ಗಿದಂತೆಯೇ ಉಳಿದು, ಅದರ ಎರಡು ಪಕ್ಕಗಳಲ್ಲಿ ಹೊಸ ಬಾಗುಗಳು ಹುಟ್ಟಿಕೊಳ್ಳುತ್ತವೆ. ಬಗ್ಗುವಾಗಲೇ ಆ ಭಾಗದ ಲೋಹ ಗಡುಸಾಗಿರುತ್ತದೆ. ಪಕ್ಕದ ಮೆದು ಭಾಗ ಮೊದಲು ಸೋಲುತ್ತದೆ. ಒಮ್ಮೆ ಒಂದು ದಿಕ್ಕಿಗೆ ಮಣಿದ ಲೋಹ ಎದುರು ದಿಕ್ಕಿನ ಒತ್ತಡಕ್ಕೆ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಯೋಹಾನ್ ಬೌಷಿಂಗರ್ ಎಂಬ ವಿದ್ವಾಂಸ ಪ್ರಯೋಗಗಳಿಂದ ತೋರಿಸಿದ. ಆ ಪರಿಣಾಮಕ್ಕೆ ಅವನ ಹೆಸರೇ ಇದೆ. ಇಷ್ಟು ಸಾಲದೆಂಬಂತೆ ಉಕ್ಕಿಗೆ ನಾಯಿಬಾಲದ ಸ್ವಭಾವವೂ ಉಂಟು. ಎಳೆದು ಹಿಡಿದಾಗ ನೇರ, ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ. ಆದ್ದರಿಂದ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಎಳೆದು ಬಿಡಬೇಕು. ಎಷ್ಟು ಹೆಚ್ಚು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದು ಕೈಗೆ ತಿಳಿಯಬೇಕು.

ಬೆಂಕಿಯ ಸಹಾಯ ತೆಗೆದುಕೊಂಡರೆ ಗಡುಸು ಇಳಿಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಆಕ್ಸಿ–ಅಸಿಟಿಲೀನ್ ಜ್ವಾಲೆಯ ಟಾರ್ಚು ಕುಲುಮೆಯನ್ನೇ ಕೈಯಲ್ಲಿ ಹಿಡಿದು ಗಾಡಿಯ ಬಳಿಗೆ ಒಯ್ಯುವ ಸೌಕರ್ಯ ಕೊಟ್ಟಿತು. ನಾನು ಕಂಡ ಹಿರಿಯ ಮೇಸ್ತ್ರಿಯೊಬ್ಬರು ಶಾಖವನ್ನು ಹೂವಿನ ಬಣ್ಣದಿಂದ ಅಳೆಯುತ್ತಿದ್ದರು. ದಾಸವಾಳದ ಕೆಂಪು ಬಂದರೆ ಸಾಕು, ಕೆಂಡಸಂಪಿಗೆಗೆ ಹೋಗಕೂಡದು ಎಂಬುದು ಅವರ ಲೆಕ್ಕ. ಕೆಂಡಸಂಪಿಗೆಯ ಬಣ್ಣಕ್ಕೆ ಕಾದ ಉಕ್ಕಿನ ಕಣಗಳು ಉಬ್ಬಿ ದಪ್ಪವಾಗುತ್ತವೆ, ಬಲ ಕುಗ್ಗುತ್ತದೆ. ಕಾದ ಜಾಗಕ್ಕೆ ನೀರು ಎರಚಿದ ಹುಡುಗನಿಗೆ ಅವರು ಕೊಟ್ಟ ಬೈಗುಳವನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ.

ಬಗ್ಗಿಸುವ ಬಲದ ಪ್ರಶ್ನೆಯನ್ನು ನೀರಿನ ಒತ್ತಡದ ತತ್ತ್ವ ಬಿಡಿಸಿತು. ಪಾಸ್ಕಲನ ತತ್ತ್ವ ಹದಿನೇಳನೆಯ ಶತಮಾನದ್ದು. ಅದನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಒತ್ತುಯಂತ್ರಕ್ಕೆ ಪೇಟೆಂಟು ಪಡೆದದ್ದು 1795ರಲ್ಲಿ. ಅದೇ ತತ್ತ್ವ ಗ್ಯಾರೇಜಿನ ಹುಡುಗನ ಕೈಗೆ ಬರಲು ಇನ್ನೂ ನೂರೈವತ್ತು ವರ್ಷ ಹಿಡಿಯಿತೆನ್ನಬಹುದು. 1930ರ ದಶಕದಲ್ಲಿ ಅಮೆರಿಕದ ಮಿಲ್ವಾಕಿಯ ಬ್ಲ್ಯಾಕ್‌ಹಾಕ್ ಕಂಪನಿ ಪೋರ್ಟೋ–ಪವರ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಪಂಪು ಒಂದು ಕಡೆ, ಒತ್ತುವ ಕೊಳವೆ ಇನ್ನೊಂದು ಕಡೆ, ನಡುವೆ ಬಗ್ಗುವ ಹೋಸು. ಜಾಕಿಯನ್ನು ಇಡಲಾಗದ ಸಂದಿಯಲ್ಲಿಯೂ ಅದನ್ನು ತೂರಿಸಿ ಹಲವು ಟನ್ನಿನ ಬಲವನ್ನು ಅಂಗುಲ ಅಂಗುಲವಾಗಿ ಕೊಡಬಹುದು. ಸಮ್ಮಟಿಗೆಯ ಏಟಿಗೆ ಹೆದರಿ ಬೇರೆಲ್ಲೋ ಬಗ್ಗುವ ಉಕ್ಕು ನಿಧಾನವಾದ ಒತ್ತಡಕ್ಕೆ ಬೇಕಾದಲ್ಲಿಯೇ ಮಣಿಯುತ್ತದೆ.

ಬಲ ದೊರೆತರೂ ಅಳತೆ ಇಲ್ಲದಿದ್ದರೆ ವ್ಯರ್ಥ. ಡಿಕ್ಕಿಯ ಪೆಟ್ಟು ಚಾಸಿಯಲ್ಲಿ ಒಂದೇ ಬಗೆಯ ಗಾಯ ಮಾಡುವುದಿಲ್ಲ. ಮುಂಭಾಗ ಪಕ್ಕಕ್ಕೆ ಸರಿಯಬಹುದು, ನಡು ಜೋತುಬೀಳಬಹುದು, ತೊಲೆ ನೆರಿಗೆಗಟ್ಟಿ ಉದ್ದ ಕುಗ್ಗಬಹುದು, ಒಂದು ಮೂಲೆ ಮೇಲೆದ್ದು ಇಡೀ ಏಣಿ ಹಸಿ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳಬಹುದು. ಎಲ್ಲಕ್ಕಿಂತ ಕಪಟದ್ದು ಎಂದರೆ ಒಂದು ಮೂಲೆಗೆ ಪೆಟ್ಟು ಬಿದ್ದು ಆ ಕಡೆಯ ತೊಲೆ ಪೂರ್ತಿಯಾಗಿ ಹಿಂದಕ್ಕೆ ಸರಿಯುವುದು. ಆಗ ಆಯತ ಓರೆಯಾಗಿ ಇಸ್ಪೀಟಿನ ಡೈಮಂಡ್ ಗುರುತಿನಂತಾಗುತ್ತದೆ. ತೊಲೆಗಳೆರಡೂ ನೇರ, ಅಡ್ಡಪಟ್ಟಿಗಳೂ ನೇರ. ಮೂಲೆಗಳು ಮಾತ್ರ ಮೂಲೆಮಟ್ಟಕ್ಕಿಲ್ಲ. ಒಂದೇ ಡಿಕ್ಕಿಯಲ್ಲಿ ಇವೆಲ್ಲ ಒಂದರ ಹಿಂದೆ ಒಂದಾಗಿ ಕ್ಷಣಾರ್ಧದಲ್ಲಿ ನಡೆದುಹೋಗುತ್ತವೆ. ಬಿಚ್ಚುವಾಗ ಕೊನೆಗೆ ಬಂದದ್ದನ್ನು ಮೊದಲು ಬಿಚ್ಚಬೇಕು. ಗಂಟು ಬಿದ್ದ ಹಗ್ಗ ಬಿಡಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಈಗ ನನ್ನ ಪ್ರಸಂಗ. 1970ರ ದಶಕದ ಕೊನೆಯ ಭಾಗ. ಸಾಮಾನ್ಯ ವಿಮೆ 1973ರ ಜನವರಿಯಿಂದ ರಾಷ್ಟ್ರೀಕರಣವಾಗಿತ್ತು. ನಾನು ಮಲೆನಾಡಿನ ಕಡೆ ಹೊಸದಾಗಿ ಸರ್ವೇ ಕೆಲಸ ಹಿಡಿದಿದ್ದೆ. ಅಡಿಕೆ ತೋಟದ ಯಜಮಾನರೊಬ್ಬರ ಜೀಪು ತಿರುವಿನಲ್ಲಿ ಜಾರಿ ಬಲಮೂಲೆಯಿಂದ ಮರಕ್ಕೆ ಹೊಡೆದಿತ್ತು. ಗ್ಯಾರೇಜೊಂದರಲ್ಲಿ ರಿಪೇರಿಯಾಯಿತು. ಮುಗಿದ ಮೇಲೆ ಮರುಪರೀಕ್ಷೆಗೆ ಹೋದೆ. ಮಡ್‌ಗಾರ್ಡು, ಬಾನೆಟ್ಟು, ಬಣ್ಣ ಎಲ್ಲವೂ ಕಣ್ಣಿಗೆ ಹಬ್ಬ. ಮಳೆ ಬರುವಂತಿತ್ತು, ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಕೆಳಗೆ ಒಮ್ಮೆ ಬಗ್ಗಿ ನೋಡಿ, ರಿಪೇರಿ ತೃಪ್ತಿಕರವೆಂದು ಬರೆದು ಸಹಿ ಮಾಡಿದೆ.

ಮೂರು ತಿಂಗಳ ಮೇಲೆ ಆ ಜೀಪಿನ ಡ್ರೈವರು ನನ್ನನ್ನು ಹುಡುಕಿಕೊಂಡು ಬಂದ. ನನ್ನಷ್ಟೇ ವಯಸ್ಸಿನವನು. "ಗಾಡಿ ಒಂದೇ ಕಡೆ ಎಳೀತದೆ ಸ್ವಾಮಿ. ಘಾಟಿಲಿ ಇಳಿಯೋವಾಗ ಬ್ರೇಕು ಒತ್ತಿದ್ರೆ ಕೈಯಿಂದ ಸ್ಟೇರಿಂಗ್ ಕಿತ್ಕೊಂಡು ಹೋದಂಗಾಗ್ತದೆ. ಧಣಿಗೆ ಹೇಳಿದ್ರೆ ಸರ್ವೇ ಸಾಹೇಬ್ರು ನೋಡಿ ಸರಿಯಿದೆ ಅಂದಿದ್ದಾರೆ, ನಿನ್ನ ಕೈ ಸರಿಯಿಲ್ಲ ಅಂತಾರೆ. ಬೆಳಗ್ಗೆ ಶಾಲೆ ಮಕ್ಕಳನ್ನೂ ಕೂರಿಸ್ಕೊಂಡು ಹೋಗ್ಬೇಕು" ಎಂದ. ಅವನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಜೀಪನ್ನು ನಾನು ಮೇಲೆ ಹೇಳಿದ ಹಿರಿಯ ಮೇಸ್ತ್ರಿಗಳ ಬಳಿಗೆ ಒಯ್ದೆವು. ಅವರು ಗಾಡಿಯನ್ನು ಮುಟ್ಟಲೇ ಇಲ್ಲ. ಹುಡುಗನಿಂದ ಸಿಮೆಂಟು ನೆಲ ಗುಡಿಸಿಸಿದರು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಕಟ್ಟಡದ ಗಾರೆಯವರು ಇಟ್ಟುಕೊಳ್ಳುವ ತೂಕದ ಗುಂಡನ್ನು ಚಾಸಿಯ ಒಂದೊಂದು ಗೊತ್ತಾದ ತೂತಿನಿಂದ ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಸೀಮೆಸುಣ್ಣದಿಂದ ಚುಕ್ಕೆಯಿಟ್ಟರು. ಬಲಗಡೆಯ ಒಂದೊಂದು ಚುಕ್ಕೆಗೂ ಎಡಗಡೆ ಒಂದು ಜೊತೆ ಚುಕ್ಕೆ. ಅನಂತರ ಗಾಡಿಯನ್ನು ಹಿಂದಕ್ಕೆ ತಳ್ಳಿಸಿದರು. ನೆಲದ ಮೇಲೆ ರಂಗೋಲಿಗೆ ಇಟ್ಟ ಚುಕ್ಕೆಗಳಂತೆ ಜೀಪಿನ ಅಸ್ಥಿಪಂಜರ ಉಳಿದಿತ್ತು. ಮೇಸ್ತ್ರಿಗಳು ಜೇಬಿನಿಂದ ದಾರದ ಉಂಡೆ ತೆಗೆದು ನನ್ನ ಕಡೆ ತಿರುಗಿ, "ರಿಪೋರ್ಟಿಗೆ ಸಹಿ ಹಾಕಿದ್ದು ತಾವೇ ಅಲ್ವೆ ಸ್ವಾಮಿ? ಹಾಗಾದ್ರೆ ಈ ದಾರದ ಆ ತುದಿ ಹಿಡ್ಕೊಳ್ಳಿ" ಎಂದರು.

ಮನೆಯ ಪಾಯ ಗುರುತು ಹಾಕುವಾಗ ಗಾರೆ ಮೇಸ್ತ್ರಿ ಮೂಲೆಯಿಂದ ಮೂಲೆಗೆ ದಾರ ಹಿಡಿಯುವುದನ್ನು ನೀವು ನೋಡಿರಬಹುದು. ಎರಡು ಕರ್ಣಗಳು ಸಮವಾದರೆ ಪಾಯ ಮೂಲೆಮಟ್ಟ. ನಾವು ಹಿಡಿದ ಎರಡು ದಾರಗಳಲ್ಲಿ ಒಂದೂಕಾಲು ಅಂಗುಲದ ವ್ಯತ್ಯಾಸವಿತ್ತು. ಜೀಪಿನ ಎರಡು ಅಚ್ಚುಗಳ ನಡುವಣ ಅಂತರ 80 ಅಂಗುಲ; ಆ ಉದ್ದಕ್ಕೆ ಈ ಓರೆಯಿಂದ ಹಿಂದಿನ ಚಕ್ರ ಮುಂದಿನದರ ಜಾಡಿನಿಂದ ಸುಮಾರು ಎರಡು ಅಂಗುಲ ಪಕ್ಕಕ್ಕೆ ಬೀಳುತ್ತದೆಂದು ಅಲ್ಲಿಯೇ ಲೆಕ್ಕ ಹಾಕಿದೆ. ಮೊದಲ ಗ್ಯಾರೇಜಿನವರು ಏನು ಮಾಡಿದ್ದರೆಂದರೆ, ಚಾಸಿಯನ್ನು ಎಳೆಯುವ ಕಷ್ಟಕ್ಕೆ ಹೋಗದೆ, ಮೈತಗಡಿನ ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿ, ಡೊಂಕು ಮೂಳೆಯ ಮೇಲೆ ನೇರ ಅಂಗಿ ತೊಡಿಸಿದ್ದರು. ಹಿಗ್ಗಿದ ತೂತನ್ನು ದೊಡ್ಡ ವಾಷರು ಮುಚ್ಚಿತ್ತು. ವಾಷರಿನ ಕೆಳಗೆ ನೋಡುವುದು ನನ್ನ ಕೆಲಸವಾಗಿತ್ತು.

ಆ ದಿನದಿಂದ ಚೀಲದಲ್ಲಿ ಅಳತೆಪಟ್ಟಿಯ ಜೊತೆಗೆ ದಾರದ ಉಂಡೆ ಮತ್ತು ಸೀಮೆಸುಣ್ಣ ಇಟ್ಟುಕೊಂಡೆ. ಪಾಶ್ಚಾತ್ಯ ದೇಶಗಳಲ್ಲಿ ಇದೇ ಕೆಲಸಕ್ಕೆ ಜಾರುಮೊನೆಗಳುಳ್ಳ ಉದ್ದನೆಯ ಅಳತೆ ಸಲಾಕೆಗಳೂ, ಚಾಸಿಯಿಂದ ತೂಗುಬಿಡುವ ಮಟ್ಟಪಟ್ಟಿಗಳೂ ಬಹಳ ಹಿಂದೆಯೇ ಬಂದಿದ್ದವೆಂಬುದು ಓದಿದ ಮೇಲೆ ತಿಳಿಯಿತು. ಉಪಕರಣ ಬೇರೆ, ರೇಖಾಗಣಿತ ಒಂದೇ.

ಲಾರಿಯ ಚಾಸಿಗೆ ಸಂಬಂಧಿಸಿ ಒಂದು ಮಾತು ಸೇರಿಸಿಬಿಡುತ್ತೇನೆ. ತೊಲೆಯ ಮೇಲಂಚು ಕೆಳಂಚುಗಳಲ್ಲಿ ತೂತು ಕೊರೆಯಬಾರದು, ಬೆಸುಗೆ ಹಾಕಬಾರದು ಎಂಬ ನಿಯಮ ಎಲ್ಲ ತಯಾರಕರದೂ ಉಂಟು. ಭಾರ ಬಿದ್ದಾಗ ತೊಲೆಯ ಒಂದು ಅಂಚು ಕುಗ್ಗಲು ನೋಡುತ್ತದೆ, ಇನ್ನೊಂದು ಹಿಗ್ಗಲು ನೋಡುತ್ತದೆ. ನಡುಮೈಯಲ್ಲಿ ಎಳೆತ ಕಡಿಮೆ. ಅಂಚಿನಲ್ಲಿ ಬಿದ್ದ ಸಣ್ಣ ಗಾಯವೂ ಬಿರುಕಾಗಿ ಬೆಳೆಯುತ್ತದೆ. ಒಳಗೆ ಪಟ್ಟಿ ಕೊಟ್ಟು ಬಲಪಡಿಸುವಾಗಲೂ ಆ ಪಟ್ಟಿಯ ತುದಿಯನ್ನು ನೆಟ್ಟಗೆ ಕತ್ತರಿಸದೆ ಓರೆಯಾಗಿ ಇಳಿಸಬೇಕು. ಇಲ್ಲವಾದರೆ ಪಟ್ಟಿ ಮುಗಿದಲ್ಲಿಯೇ ತೊಲೆ ಮುರಿಯುತ್ತದೆ. ನಮ್ಮ ಹಳೆಯ ಲಾರಿಗಳಲ್ಲಿ ಈ ನಿಯಮವನ್ನು ಮುರಿದ ಗುರುತುಗಳನ್ನು ಎಷ್ಟು ಬೇಕಾದರೂ ತೋರಿಸಬಲ್ಲೆ.

ಇಷ್ಟರಲ್ಲಿ ಕಾರುಗಳ ಲೋಕದಲ್ಲಿ ಏಣಿಯೇ ಮಾಯವಾಗುತ್ತಿತ್ತು. ಇಟಲಿಯ ಲಾನ್ಚಿಯಾ ಲಾಂಬ್ಡ 1922ರಲ್ಲಿ, ಫ್ರಾನ್ಸಿನ ಸಿಟ್ರೋಯೆನ್ ಟ್ರಾಕ್ಸಿಯೋ ಅವಾಂ 1934ರಲ್ಲಿ ಹೊರಬಂದವು. ಇವುಗಳಲ್ಲಿ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಮೂಳೆ. ತೆಳುವಾದ ತಗಡನ್ನು ಪೆಟ್ಟಿಗೆಗಳಾಗಿ ಮಡಿಸಿ ಒಂದಕ್ಕೊಂದು ಬೆಸೆದಾಗ ಮೊಟ್ಟೆಯ ಚಿಪ್ಪಿನಂತೆ ಒಟ್ಟು ಆಕಾರವೇ ಭಾರ ಹೊರುತ್ತದೆ. ನಮ್ಮವರು ಅಂಬಾಸಿಡರನ್ನು ಗಟ್ಟಿ ಚಾಸಿಯ ಗಾಡಿಯೆಂದು ಹೊಗಳುವುದನ್ನು ಕೇಳಿದ್ದೇನೆ. ವಾಸ್ತವದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಆ ಕಾರಿಗೂ, ಅದರ ಜೊತೆಗಾರ ಫಿಯೆಟ್ಟಿಗೂ ಬೇರೆ ಚಾಸಿ ಎಂಬುದೇ ಇರಲಿಲ್ಲ. ಪ್ರತ್ಯೇಕ ಚಾಸಿಯಿದ್ದದ್ದು ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡಿಗೆ. ಜನರ ನಂಬಿಕೆ ಅದನ್ನೇ ನಾಜೂಕಿನದೆಂದು ತೀರ್ಮಾನಿಸಿತ್ತು.

ಚಿಪ್ಪು ಕಾರಿನ ರಿಪೇರಿಗೆ ದಾರ ಸಾಲದು. ಪೆಟ್ಟು ಮುಂದೆ ಬಿದ್ದರೆ ಅದರ ಅಲೆ ಹಿಂಬಾಗಿಲಿನವರೆಗೂ ಹೋಗಿ ಸಂದನ್ನು ಅಗಲಿಸಬಹುದು. ಉದ್ದ ಅಗಲಗಳ ಜೊತೆಗೆ ಎತ್ತರವನ್ನೂ ಒಟ್ಟಿಗೆ ಅಳೆಯಬೇಕು. ಫ್ರಾನ್ಸಿನ ವಿಯೆನ್ ಪಟ್ಟಣದ ಸೆಲೆಟ್ ಕಂಪನಿ 1950ರ ದಶಕದಿಂದ ಇದಕ್ಕೊಂದು ದಾರಿ ತೋರಿಸಿತು: ಭಾರಿ ಉಕ್ಕಿನ ಸಮತಟ್ಟಾದ ಪೀಠ, ಅದರ ಮೇಲೆ ಆಯಾ ಮಾದರಿಯ ಕಾರಿಗೆಂದೇ ಮಾಡಿದ ಗೂಟಗಳು. ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಿದ್ದರೆ ಮಾತ್ರ ಗೂಟಗಳು ತೂತುಗಳಿಗೆ ಕೂರುತ್ತವೆ. ಕೂರಲಿಲ್ಲವೆಂದರೆ ಎಳೆ. ಇಲ್ಲಿ ವಾದಕ್ಕೆ ಅವಕಾಶವಿಲ್ಲ. ಬೆಲೆಯ ಮಾತೆತ್ತಿದರೆ, ನಮ್ಮ ಸಣ್ಣ ಊರುಗಳ ಗ್ಯಾರೇಜಿನವರು ಅದನ್ನು ಕನಸಿನಲ್ಲಿ ಕಾಣಬೇಕಾಗಿತ್ತು.

ಈ ಚರಿತ್ರೆಯಲ್ಲಿ ಎಲ್ಲರ ಬುದ್ಧಿಯನ್ನು ತಲೆಕೆಳಗು ಮಾಡಿದವನು ಬೇಲಾ ಬಾರೆನಿ. 1907ರಲ್ಲಿ ವಿಯೆನ್ನಾ ನಗರದ ಬಳಿ ಹುಟ್ಟಿದ ಈತ ಮರ್ಸಿಡಿಸ್–ಬೆಂಜ್ ಸಂಸ್ಥೆಯಲ್ಲಿದ್ದಾಗ, 1951ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. ಅದರ ಸಾರ ಇಷ್ಟೇ: ಕಾರಿನ ನಡುಭಾಗ, ಎಂದರೆ ಜನ ಕೂರುವ ಕೋಣೆ, ಗಟ್ಟಿಯಾಗಿರಲಿ, ಮುಂದಿನ ಹಿಂದಿನ ಭಾಗಗಳು ಬೇಕೆಂದೇ ಮೆದುವಾಗಿರಲಿ. ಡಿಕ್ಕಿಯಾದಾಗ ಅವು ನೆರಿಗೆಗಟ್ಟಿ ಮಡಿಸಿಕೊಂಡು ಪೆಟ್ಟಿನ ಶಕ್ತಿಯನ್ನು ನುಂಗಲಿ. 1959ರ ಮರ್ಸಿಡಿಸ್ ಮಾದರಿಯೊಂದರಲ್ಲಿ ಇದು ಮೊದಲು ಕಾರ್ಯರೂಪಕ್ಕೆ ಬಂದಿತು. ಅಲ್ಲಿಯವರೆಗೆ ಡಿಕ್ಕಿಯಲ್ಲಿ ಬಗ್ಗದ ಗಾಡಿಯೇ ಒಳ್ಳೆಯ ಗಾಡಿ. ಗಾಡಿ ಬಗ್ಗದಿದ್ದಾಗ ಒಳಗಿದ್ದವರ ಎದೆಗೂಡು ಮುರಿಯುತ್ತಿತ್ತೆಂಬುದನ್ನು ಲೋಕ ಗಮನಿಸಿರಲಿಲ್ಲ.

ಇದರ ಪರಿಣಾಮ ರಿಪೇರಿಯ ಮೇಲೆ ಏನಾಯಿತೆಂಬುದನ್ನು ನೋಡಿರಿ. ಮೇಸ್ತ್ರಿಯ ಒಳ್ಳೆಯತನ ಎಲ್ಲಿತ್ತೆಂದರೆ, "ಮೊದಲಿಗಿಂತ ಗಟ್ಟಿ ಮಾಡಿಕೊಟ್ಟಿದ್ದೇನೆ" ಎನ್ನುವುದರಲ್ಲಿ. ಒಂದು ತಗಡಿದ್ದಲ್ಲಿ ಎರಡು ತಗಡು, ಮೂಲೆಗೊಂದು ಹೆಚ್ಚಿನ ಪಟ್ಟಿ. ಅದಕ್ಕೆ ಅವನು ಕೂಲಿ ಕೂಡ ಕೇಳುತ್ತಿರಲಿಲ್ಲ. ಮಡಿಸಿಕೊಳ್ಳಲೆಂದೇ ಮಾಡಿದ ತೊಲೆಗೆ ಆ ಪಟ್ಟಿ ಬಿದ್ದರೆ ಮುಂದಿನ ಡಿಕ್ಕಿಯಲ್ಲಿ ಅದು ಮಡಿಸಿಕೊಳ್ಳುವುದಿಲ್ಲ. ಪೆಟ್ಟನ್ನು ನೇರವಾಗಿ ಕೋಣೆಗೆ ದಾಟಿಸುತ್ತದೆ. ಕಾರು ತಯಾರಿಸಿದವನು ಬಿಟ್ಟಿದ್ದ ದೌರ್ಬಲ್ಯವನ್ನು ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿಸಬೇಕು! ನಲವತ್ತು ವರ್ಷ ಗಟ್ಟಿಮಾಡುವುದನ್ನೇ ಧರ್ಮವೆಂದು ನಂಬಿದವನಿಗೆ ಇದನ್ನು ಹೇಳುವುದು ಹೇಗೆ? ನಾನು ಹೇಳಲು ಹೋಗಿ ಎರಡು ಮೂರು ಕಡೆ ನಗೆಪಾಟಲಾಗಿದ್ದೇನೆ.

ಉಕ್ಕು ಕೂಡ ಬದಲಾಯಿತು. 1970ರ ದಶಕದ ತೈಲದ ಬಿಕ್ಕಟ್ಟಿನ ತರುವಾಯ ಗಾಡಿಯ ತೂಕ ಇಳಿಸುವ ಹಟದಲ್ಲಿ ತೆಳುವಾದ, ಆದರೆ ಬಲ ಹೆಚ್ಚಾದ ಉಕ್ಕುಗಳು ಬಂದವು. ಅವುಗಳ ಬಲ ಕಾರ್ಖಾನೆಯಲ್ಲಿ ಕಾಸಿ ಆರಿಸಿದ ಕ್ರಮದಲ್ಲಿದೆ. ಟಾರ್ಚಿನ ಜ್ವಾಲೆ ತಗುಲಿತೆಂದರೆ ಆ ಬಲ ಹೋಯಿತು. ಕಣ್ಣಿಗೆ ಮಾತ್ರ ಏನೂ ತಿಳಿಯದು. ದಾಸವಾಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೋರಾನ್ ಬೆರೆತ ಇತ್ತೀಚಿನ ಉಕ್ಕಿನ ಕಂಬಗಳನ್ನಂತೂ ಬಗ್ಗಿದರೆ ನೇರ ಮಾಡುವುದೇ ಇಲ್ಲ. ಕತ್ತರಿಸಿ ತೆಗೆದು ಹೊಸದನ್ನು ಕೂಡಿಸಬೇಕು. ಇಂಗ್ಲೆಂಡಿನ ವಿಮಾ ಸಂಸ್ಥೆಗಳು 1969ರಲ್ಲಿ ಥ್ಯಾಚಮ್ ಎಂಬಲ್ಲಿ ರಿಪೇರಿಯ ಸಂಶೋಧನೆಗೆಂದೇ ಕೇಂದ್ರ ಸ್ಥಾಪಿಸಿದವು. ಅಮೆರಿಕದಲ್ಲಿ 1979ರಲ್ಲಿ ಐ–ಕಾರ್ ಎಂಬ ಶಿಕ್ಷಣ ಸಂಸ್ಥೆ ಹುಟ್ಟಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗೆ ಬಂದಾಗ ಅದರ ತೆಳು ತಗಡಿಗೆ ಹಳೆಯ ಗ್ಯಾಸ್ ಬೆಸುಗೆ ಹಿಡಿದು, ತಗಡು ಹಪ್ಪಳದಂತೆ ಉಬ್ಬಿದ್ದನ್ನು ಕಂಡು ಬೆರಗಾದ ಟಿಂಕರುಗಳು ಎಷ್ಟೋ ಮಂದಿ.

ರಿಪೇರಿಯ ವೆಚ್ಚ ವಿಮೆಯಲ್ಲಿ ಘೋಷಿಸಿದ ಮೌಲ್ಯದ ನೂರಕ್ಕೆ 75ನ್ನು ಮೀರಿದರೆ ಗಾಡಿಯನ್ನು ಪೂರ್ಣ ನಷ್ಟವೆಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿದೆ. ಹಾಗೆ ಕೈಬಿಟ್ಟ ಗಾಡಿ ಎಲ್ಲವೂ ಕರಗಿಸುವ ಕುಲುಮೆಗೆ ಹೋಗುತ್ತದೆಂದು ಭಾವಿಸಬೇಡಿ. ಒಂದರ ಮುಂಭಾಗ, ಇನ್ನೊಂದರ ಹಿಂಭಾಗ ಸೇರಿ ಮೂರನೆಯದೊಂದು ಕಾರು ಹುಟ್ಟಿದ್ದನ್ನು ನಾನೇ ಕಂಡಿದ್ದೇನೆ. ಹಳೆಯ ಕಾರು ಕೊಳ್ಳುವವರು ಬಣ್ಣ ನೋಡುವ ಮೊದಲು ನೆಲಹಾಸನ್ನು ಎತ್ತಿ ಅಡ್ಡಲಾಗಿ ಹೋದ ಬೆಸುಗೆಯ ಗೆರೆಯನ್ನು ಹುಡುಕಲಿ. ಒದ್ದೆ ನೆಲದ ಮೇಲೆ ನೇರವಾಗಿ ಓಡಿಸಿ ಜಾಡನ್ನು ಎಣಿಸಲಿ.

ಆ ಜೀಪಿನ ವಿಷಯ ಬಾಕಿ ಉಳಿಯಿತು. ಮೇಸ್ತ್ರಿಗಳು ಎರಡು ದಿನ ತೆಗೆದುಕೊಂಡರು. ಕರ್ಣದ ಉದ್ದಕ್ಕೆ ಚೈನು ಬಿಗಿದು, ಜಾಕಿಯಿಂದ ಒತ್ತಿ, ಕಾಲು ಅಂಗುಲ ಎಳೆದು ಬಿಡುವುದು, ಮತ್ತೆ ಗುಂಡು ಇಳಿಬಿಟ್ಟು ಚುಕ್ಕೆಯಿಡುವುದು. ಎರಡನೆಯ ದಿನ ಸಂಜೆ ದಾರಗಳೆರಡೂ ಸಮನಾದವು. ಯಜಮಾನರು ಎರಡನೆಯ ಸಲ ಹಣ ಕೊಡಲು ಒಪ್ಪಲಿಲ್ಲ. ಅವರದು ತಪ್ಪೆಂದೂ ಹೇಳಲಾರೆ. ನಾನು ಕೊಡಲು ಹೋದೆ. ಮೇಸ್ತ್ರಿಗಳು ಆಕ್ಸಿಜನ್ ಸಿಲಿಂಡರಿನ ಬೆಲೆ ಮಾತ್ರ ಎಣಿಸಿಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಟ್ಟರು. ಡ್ರೈವರು ಹೊರಗಿನ ಕೆಸರಿನಲ್ಲಿ ಜೀಪನ್ನು ನೂರು ಮಾರು ನೇರ ಓಡಿಸಿ ನಿಲ್ಲಿಸಿದ. ಮೂವರೂ ಹಿಂದೆ ನಡೆದುಹೋಗಿ ನೋಡಿದೆವು. ಗೆರೆಗಳು ಎರಡೇ ಇದ್ದವು.